ಎರಡು ಕಡಲುಗಳ ನಾಡಿನಲ್ಲಿ ಮನೆ ಕಟ್ಟಿದ ಬಗೆ

ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ನಾಗಸಂದ್ರ ಇಂದು ಮೆಟ್ರೋ ನಿಲ್ದಾಣದಿಂದಾಗಿ ಎಲ್ಲರಿಗೂ ಪರಿಚಿತ ಹೆಸರು. ಪಕ್ಕದ ಪೀಣ್ಯದ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕಿ ಕರಾವಳಿಯಿಂದ ಹೋದ ನಮ್ಮವರು ಅನೇಕರು ಆ ಭಾಗದಲ್ಲಿ ಮನೆ ಮಾಡಿಕೊಂಡಿದ್ದಾರೆ. ಊರಿನ ಹೆಸರಿನ ಕೊನೆಯಲ್ಲಿರುವ 'ಸಂದ್ರ' ಎಂಬುದು 'ಸಮುದ್ರ' ಶಬ್ದದ ಸವೆದ ರೂಪ. ಕಡಲಿಲ್ಲದ ಸೀಮೆಯಲ್ಲಿ ದೊಡ್ಡ ಕೆರೆಯೇ ಸಮುದ್ರ. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರಗಳೂ ಹೀಗೆಯೇ ಹೆಸರು ಪಡೆದವು. ನೀರು ಕಂಡಲ್ಲಿ ಊರು ಕಟ್ಟಿದ ಹಿರಿಯರು ನೀರಿನ ಹೆಸರನ್ನೇ ಊರಿಗೆ ಇಟ್ಟರು.

ಅರಬ್ಬಿ ಸಮುದ್ರದ ಆಚೆ, ಕೊಲ್ಲಿಯ ಒಳಗೆ, ಇನ್ನೊಂದು ನಾಡಿದೆ. ಅದರ ಹೆಸರಿನಲ್ಲಿ ಒಂದಲ್ಲ, ಎರಡು ಸಮುದ್ರಗಳಿವೆ. ಅರಬ್ಬಿ ಭಾಷೆಯಲ್ಲಿ 'ಬಹ್ರೈನ್' ಎಂದರೆ ಎರಡು ಕಡಲು. ನಾಗಸಂದ್ರದಲ್ಲಾಗಲಿ ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಾಗಲಿ, ಮನೆಯವರೊಬ್ಬರು ಅಲ್ಲಿ ದುಡಿದ ಅಥವಾ ಈಗಲೂ ದುಡಿಯುತ್ತಿರುವ ಕುಟುಂಬಗಳು ಬಹಳ ಇವೆ. ಅಲ್ಲಿ ಕನ್ನಡ ಸಂಘವಿದೆ, ಕೊಂಕಣಿ ಹಾಡು ಕೇಳುತ್ತದೆ, ಶುಕ್ರವಾರದ ಪೂಜೆಗೆ ಇಗರ್ಜಿ ತುಂಬುತ್ತದೆ. ಆದರೆ ಅಲ್ಲಿಂದ ಬರುವ ಫೋಟೋಗಳಲ್ಲಿ ಕಾಣುವುದು ಗಾಜಿನ ಗೋಪುರಗಳು ಮತ್ತು ಅಗಲದ ರಸ್ತೆಗಳು ಮಾತ್ರ. ಮರಳಿನ ಮೇಲೆ ಎಣ್ಣೆಯ ದುಡ್ಡು ಎಬ್ಬಿಸಿದ ಊರು ಎಂದು ನಾವು ತಿಳಿದುಕೊಂಡುಬಿಟ್ಟಿದ್ದೇವೆ. ನಿಜದಲ್ಲಿ ಅಲ್ಲಿ 4,000 ವರ್ಷಗಳಿಂದ ಮನುಷ್ಯರು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟುತ್ತಾ ಬಂದಿದ್ದಾರೆ. ಅಲ್ಲಿನ ಸಂಪಾದನೆಯಿಂದ ಇಲ್ಲಿ ಮನೆ ಕಟ್ಟುವವರಾದರೂ ಅದನ್ನು ತಿಳಿದಿರಬೇಕೆಂದು ನಮಗೆ ಅನಿಸಿತು.

ಮೊದಲು ನೆಲದ ವಿಚಾರ. ಬಹ್ರೈನ್ ಹಲವು ದ್ವೀಪಗಳ ಗುಂಪು. ಸಮುದ್ರಕ್ಕೆ ಮಣ್ಣು ತುಂಬಿ ಬೆಳೆಸಿದ್ದನ್ನೂ ಸೇರಿಸಿದರೆ ಸುಮಾರು 780 ಚದರ ಕಿ.ಮೀ. ಅಂದರೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆರನೇ ಒಂದು ಪಾಲಿನಷ್ಟು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಅಲ್ಲಿ 80 ಮಿ.ಮೀ. ಆಸುಪಾಸು, ಅಂದರೆ ನಮ್ಮಲ್ಲಿ ಆಟಿ ತಿಂಗಳ ಒಂದು ದಿನದ ಮಳೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಜೊತೆಗೆ ಕಡಲಿನ ತೇವ. ಖರ್ಜೂರ ಬಿಟ್ಟರೆ ಮನೆಗೆ ಆಗುವಂಥ ಮರವಿಲ್ಲ. ಇಂಥ ಜಾಗದಲ್ಲಿ ಜನ ನೆಲೆಸಲು ಕಾರಣವಾದದ್ದು ನೆಲದಡಿಯ ಸಿಹಿನೀರು. ಉತ್ತರ ಭಾಗದಲ್ಲಿ ಒರತೆಗಳು ಉಕ್ಕುತ್ತಿದ್ದವು. ಸಮುದ್ರದ ತಳದಲ್ಲಿಯೂ ಸಿಹಿನೀರಿನ ಬುಗ್ಗೆಗಳಿದ್ದು, ಮುಳುಗುಗಾರರು ಉಪ್ಪುನೀರಿನೊಳಗೆ ಇಳಿದು ಚರ್ಮದ ಚೀಲಗಳಲ್ಲಿ ಕುಡಿಯುವ ನೀರು ತುಂಬಿಸಿಕೊಂಡು ಬರುತ್ತಿದ್ದರು. ಒಂದು ಉಪ್ಪಿನ ಕಡಲು, ಅದರ ಕೆಳಗೆ ಒಂದು ಸಿಹಿಯ ಕಡಲು: ಹೆಸರಿನ ಅರ್ಥವನ್ನು ಹೀಗೆ ವಿವರಿಸುವವರುಂಟು. ಕಳೆದ ಶತಮಾನದಲ್ಲಿ ಪಂಪುಗಳು ಬಂದ ಮೇಲೆ ಆ ಒರತೆಗಳು ಹೆಚ್ಚಿನವು ಬತ್ತಿಹೋದವು. ಬೆಂಗಳೂರಿನ ಎಷ್ಟೋ 'ಸಂದ್ರ'ಗಳ ಕೆರೆಗಳಿಗೂ ಇದಕ್ಕಿಂತ ಒಳ್ಳೆಯ ಗತಿ ಬಂದಿಲ್ಲ.

ಆ ನೀರಿನ ಗೌರವಕ್ಕಾಗಿ ಕಟ್ಟಿದ ಒಂದು ಕಟ್ಟಡದ ಅವಶೇಷ ಬಾರ್ಬಾರ್ ಎಂಬ ಹಳ್ಳಿಯಲ್ಲಿದೆ. 1954ರಲ್ಲಿ ಡೆನ್ಮಾರ್ಕಿನ ಉತ್ಖನನ ತಂಡ ಅದನ್ನು ಕಂಡುಹಿಡಿಯಿತು. ಒಂದರ ಮೇಲೊಂದರಂತೆ ಮೂರು ದೇಗುಲಗಳು, ನೀಟಾಗಿ ಕಡಿದ ಸುಣ್ಣಕಲ್ಲು, ಮತ್ತು ಮೆಟ್ಟಿಲಿಳಿದು ಹೋಗುವ ಒಂದು ಬಾವಿ. ಸಿಹಿನೀರಿನ ದೇವರೆಂದು ಆ ಕಾಲದವರು ನಂಬಿದ್ದ ಎಂಕಿಗೆ ಇದು ಸಂಬಂಧಿಸಿದ್ದೆಂದು ವಿದ್ವಾಂಸರ ಅಭಿಪ್ರಾಯ. ಆಗ ಈ ದ್ವೀಪದ ಹೆಸರು ದಿಲ್ಮುನ್. ಸಿಂಧೂ ಕಣಿವೆಯ ನಗರಗಳಿಗೂ ಮೆಸಪೊಟೇಮಿಯಾಕ್ಕೂ ನಡುವೆ ಸರಕು ಇಳಿಸಿ ಏರಿಸುವ ಬಂದರು ಅದು. ಅದೇ ದಿಲ್ಮುನ್ ಜನ ಕ್ರಿ.ಪೂ. 2200ರಿಂದ 1750ರ ನಡುವೆ ತಮ್ಮ ಸತ್ತವರಿಗಾಗಿ ಕಟ್ಟಿದ 11,774 ಸಮಾಧಿ ದಿಬ್ಬಗಳನ್ನು 2019ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ಮಣ್ಣಿನ ಗುಡ್ಡೆಗಳಂತೆ ಕಾಣುವ ಇವು ಮೊದಲು ಗುಂಡಗಿನ ಗಿಡ್ಡ ಗೋಪುರಗಳಾಗಿದ್ದವು. ರಾಜರದು ಎರಡು ಅಂತಸ್ತಿನವು. ಬದುಕಿದ್ದವರ ಮನೆಗಿಂತ ಸತ್ತವರ ಮನೆ ಗಟ್ಟಿಯಾಗಿ ಉಳಿದಿದೆ.

ಬದುಕಿದ್ದವರ ಮನೆಗಳನ್ನು ನೋಡಬೇಕಾದರೆ ಉತ್ತರ ದಂಡೆಯ ಬಹ್ರೈನ್ ಕೋಟೆಗೆ ಹೋಗಬೇಕು. ಕೋಟೆ ನಿಂತಿರುವ ಗುಡ್ಡವೇ ಮನುಷ್ಯ ನಿರ್ಮಿತ. ಕ್ರಿ.ಪೂ. 2300ರಿಂದ ಕ್ರಿ.ಶ. 16ನೇ ಶತಮಾನದವರೆಗೆ ಒಂದು ಊರು ಬಿದ್ದ ಮೇಲೆ ಅದರ ಮೇಲೆಯೇ ಇನ್ನೊಂದು ಊರು ಎದ್ದು ಗುಡ್ಡ ಬೆಳೆದಿದೆ. ಅಗೆದು ನೋಡಿರುವುದು ಅದರ ಕಾಲು ಭಾಗ ಮಾತ್ರ. 2005ರಲ್ಲಿ ಇದಕ್ಕೂ ಯುನೆಸ್ಕೋ ಮನ್ನಣೆ ದೊರೆಯಿತು. ಎಲ್ಲಕ್ಕಿಂತ ಮೇಲಿರುವ ಕೋಟೆಯನ್ನು ಅದರ ಕೊನೆಯ ರೂಪಕ್ಕೆ ತಂದವರು ಪೋರ್ಚುಗೀಸರು. ಅವರು 1521ರಲ್ಲಿ ದ್ವೀಪವನ್ನು ಹಿಡಿದು 1602ರಲ್ಲಿ ಕಳೆದುಕೊಂಡರು. ಮಂಗಳೂರಿನಲ್ಲಿ 1568ರಲ್ಲಿ ರೊಸಾರಿಯೊ ಇಗರ್ಜಿಯನ್ನು ಕಟ್ಟಿದ್ದೂ ಅವರ ಕಾಲದಲ್ಲಿಯೇ. ಅದೇ ಹಡಗಿನ ದಾರಿ, ಅದೇ ಜನ.

ಆದರೆ ಆ ದ್ವೀಪದಲ್ಲಿ ಶಿಲುಬೆಯ ಗುರುತು ಪೋರ್ಚುಗೀಸರೊಂದಿಗೆ ಮೊದಲು ಬಂದದ್ದಲ್ಲ. ಈ ವಿಷಯ ನಮ್ಮ ಓದುಗರಿಗೆ ಹೊಸದಾಗಿರಬಹುದು. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇವೆ. ಇಸ್ಲಾಂ ಹುಟ್ಟುವುದಕ್ಕೆ ಮುಂಚೆಯೇ ಕೊಲ್ಲಿಯ ತೀರದಲ್ಲಿ ಪೂರ್ವ ಸಿರಿಯಾ ಪರಂಪರೆಯ ಕ್ರೈಸ್ತ ಸಮುದಾಯಗಳಿದ್ದವು. ಅವರ ಧರ್ಮಾಧ್ಯಕ್ಷರ ಪೀಠವೊಂದು ಮಶ್ಮಹಿಗ್ ಎಂಬಲ್ಲಿ ಇತ್ತೆಂದು ಹಳೆಯ ಸಭಾ ದಾಖಲೆಗಳು ಹೇಳುತ್ತವೆ. ಇಂದಿನ ಮುಹರ್ರಖ್ ದ್ವೀಪದ ಸಮಾಹೀಜ್ ಹಳ್ಳಿಯೇ ಅದು. ಪಕ್ಕದ ಹಳ್ಳಿಯ ಹೆಸರು ದೈರ್, ಅಂದರೆ ಮಠ. ಹೆಸರು ಉಳಿದಿತ್ತು, ಕಟ್ಟಡ ಕಂಡಿರಲಿಲ್ಲ. ಸಮಾಹೀಜ್‌ನ ಸ್ಮಶಾನದೊಳಗಿನ ಒಂದು ದಿಬ್ಬವನ್ನು ಬಹ್ರೈನ್ ಮತ್ತು ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಪುರಾತತ್ವಜ್ಞರು ಅಗೆದಾಗ ಎಂಟು ಕೋಣೆಗಳ ಕಟ್ಟಡ ಸಿಕ್ಕಿತು. ಅದರ ವಿವರ 2024ರಲ್ಲಿ ಪ್ರಕಟವಾಯಿತು. 4ನೇ ಶತಮಾನದ ಮಧ್ಯದಿಂದ 8ನೇ ಶತಮಾನದ ಮಧ್ಯದವರೆಗೆ ಅದರಲ್ಲಿ ಜನ ವಾಸವಾಗಿದ್ದರು. ಅಡುಗೆಮನೆ, ಊಟದ ಕೋಣೆ, ಕೆಲಸದ ಕೋಣೆ, ಮಲಗುವ ಕೋಣೆಗಳು, ಗಾರೆಯಲ್ಲಿ ಮಾಡಿದ ಶಿಲುಬೆಗಳು. ಧರ್ಮಾಧ್ಯಕ್ಷರ ನಿವಾಸವೋ ಸಣ್ಣ ಮಠವೋ ಆಗಿದ್ದಿರಬಹುದು. ನೂಲು ಸುತ್ತುವ ಬಿಲ್ಲೆಗಳು ಮತ್ತು ತಾಮ್ರದ ಸೂಜಿಗಳು ಸಿಕ್ಕಿವೆ, ಹಾಗೆಯೇ ಭಾರತದ ಕಡೆಯಿಂದ ಹೋದ ಕೆಂಪು ಮಣಿಗಳೂ ಮಡಕೆಯ ಚೂರುಗಳೂ. ಆ ಅಡುಗೆಮನೆಯಲ್ಲಿ ಬೇಯಿಸಿದವರಿಗೆ ನಮ್ಮ ಕಡೆಯ ಹಡಗುಗಳ ಪರಿಚಯವಿತ್ತು ಎಂದಾಯಿತು. ಇನ್ನೂ ಗಮನಿಸಬೇಕಾದ ಒಂದು ಸಂಗತಿ: ಮುಂದೆ ಅದೇ ದಿಬ್ಬದ ಮೇಲೆ ಮುಸ್ಲಿಮರು ಒಂದು ಪವಿತ್ರ ಸ್ಥಳ ಕಟ್ಟಿಕೊಂಡರು. ಆ ಜಾಗಕ್ಕೆ ಯಾರೂ ಕೈ ಹಚ್ಚದೆ ಇದ್ದುದರಿಂದಲೇ ಕೆಳಗಿನ ಕಟ್ಟಡ ನಮ್ಮ ಕಾಲದವರೆಗೆ ಉಳಿಯಿತು.

ಇನ್ನು ಮುತ್ತಿನ ಕಾಲದ ಮನೆಗಳಿಗೆ ಬರೋಣ. ಈ ಲೇಖನಕ್ಕೆ ಕಾರಣವೇ ಅವು.

ಎಣ್ಣೆಗೆ ಮುಂಚೆ ಬಹ್ರೈನಿನ ಸಂಪತ್ತು ಮುತ್ತು. ಬೇಸಿಗೆಯ ನಾಲ್ಕು ತಿಂಗಳು ದೋಣಿಗಳು ಸಮುದ್ರದಲ್ಲಿ. ನಾಖುದಾನ ಹತ್ತಿರ ಸಾಲ ಮಾಡಿದ ಮುಳುಗುಗಾರರು ಮೂಗಿಗೆ ಕ್ಲಿಪ್ ಹಾಕಿ, ಕಾಲಿಗೆ ಕಲ್ಲು ಕಟ್ಟಿ ಇಳಿಯುತ್ತಿದ್ದರು. ಮುತ್ತು ಬೊಂಬಾಯಿಗೆ ಹೋಗುತ್ತಿತ್ತು. ಅಲ್ಲಿಂದ ಅಕ್ಕಿ, ಬಟ್ಟೆ, ಮರ ಬರುತ್ತಿತ್ತು. 1965ರಲ್ಲಿ ದಿನಾರ್ ಬರುವ ತನಕ ಅಲ್ಲಿನ ಪೇಟೆಯಲ್ಲಿ ನಡೆಯುತ್ತಿದ್ದುದು ರೂಪಾಯಿಯೇ. ಮುತ್ತಿನ ವರ್ತಕರು ನೆಲೆಸಿದ್ದು ಹಳೆಯ ರಾಜಧಾನಿ ಮುಹರ್ರಖ್‌ನಲ್ಲಿ. ಅವರು ಮನೆ ಕಟ್ಟಲು ಕಲ್ಲನ್ನು ತೆಗೆದದ್ದು ಸಮುದ್ರದಿಂದ. ಇಳಿತದ ಹೊತ್ತಿನಲ್ಲಿ ಆಳವಿಲ್ಲದ ನೀರಿನಲ್ಲಿ ಹವಳದ ಹಾಸನ್ನು ಚಪ್ಪಡಿಗಳಾಗಿ ಎಬ್ಬಿಸಿ, ಉಪ್ಪು ತೊಳೆದು, ಒಣಗಿಸಿ ಬಳಸುತ್ತಿದ್ದರು. ನಮ್ಮ ಮುರಕಲ್ಲಿನ ಹಾಗೆ ತೂತು ತೂತಾದ ಕಲ್ಲು ಅದು, ಹಗುರ, ಶಾಖವನ್ನು ಬೇಗ ಒಳಗೆ ಬಿಡುವುದಿಲ್ಲ. ಗೋಡೆಯನ್ನು ಇಡಿಯಾಗಿ ದಪ್ಪಗೆ ಕಟ್ಟದೆ, ದಪ್ಪದ ಕಂಬಗಳನ್ನು ಎಬ್ಬಿಸಿ ನಡುವೆ ತೆಳ್ಳನೆಯ ಹವಳದ ಹಲಗೆಗಳನ್ನು ನಿಲ್ಲಿಸುತ್ತಿದ್ದರು. ಭಾರ ಹೊರುವುದು ಕಂಬ, ಹಲಗೆಗೆ ಭಾರವಿಲ್ಲ. ಅದರಿಂದ ಒಂದು ಅನುಕೂಲ: ಎರಡು ಹಲಗೆಗಳನ್ನು ಸ್ವಲ್ಪ ಹಿಂದೆ ಮುಂದೆ ಇಟ್ಟು ನಡುವೆ ಸೀಳು ಬಿಟ್ಟರೆ, ಹೊರಗಿನವರ ಕಣ್ಣಿಗೆ ಒಳಗೇನೂ ಕಾಣದೆ, ನೆಲದ ಮೇಲೆ ಕೂತವರಿಗೆ ಮಾತ್ರ ಗಾಳಿ ಬೀಸುತ್ತಿತ್ತು.

ಮೇಲಿನ ಗಾರೆ ಜಿಪ್ಸಮ್‌ನದು. ಮಳೆ ನೀರು ನಿಂತರೆ ಅದು ಕರಗುತ್ತದೆ. ಆದ್ದರಿಂದ ಚಪ್ಪಟೆ ಮಾಡಿನ ಅಂಚಿನಿಂದ ಮರದ ಉದ್ದ ದೋಣಿಗಳು ಬೀದಿಯ ಕಡೆ ಚಾಚಿಕೊಂಡಿರುತ್ತವೆ. ಮಾಡಿಗೆ ಬೇಕಾದ ಗಳುಗಳು ಪೂರ್ವ ಆಫ್ರಿಕಾದ ಕಾಂಡ್ಲಾ ಕಾಡುಗಳಿಂದ ಬಂದವು. ಆ ಗಳುವಿನ ಉದ್ದವೇ ಕೋಣೆಯ ಅಗಲವನ್ನು ತೀರ್ಮಾನಿಸಿತು, ಸುಮಾರು 3 ಮೀಟರ್. ಎಷ್ಟು ದೊಡ್ಡ ಶ್ರೀಮಂತನಾದರೂ ಅವನ ಕೋಣೆ ಉದ್ದಕ್ಕೆ ಬೆಳೆಯಬಹುದಿತ್ತು, ಅಗಲಕ್ಕೆ ಅಲ್ಲ. ಗಳುವಿನ ಮೇಲೆ ಬಿದಿರಿನ ಸೀಳು, ಅದರ ಮೇಲೆ ಖರ್ಜೂರದ ಗರಿಯ ಚಾಪೆ, ಅದರ ಮೇಲೆ ಮಣ್ಣು. ಬಾಗಿಲಿಗೆ ಮಾತ್ರ ನಮ್ಮ ಕಡೆಯ ಸಾಗುವಾನಿ. ಮಲಬಾರ್ ಕರಾವಳಿಯಿಂದ ದೋಣಿಗಳಲ್ಲಿ ಹೋದ ಮರ ಕೊಲ್ಲಿಯ ಹಡಗುಗಳಾಗಿಯೂ ಮನೆಬಾಗಿಲುಗಳಾಗಿಯೂ ಕೆಲಸಕ್ಕೆ ಬಂತು. ಬಾಗಿಲ ಮೇಲೆ ಅರ್ಧಚಂದ್ರದ ಆಕಾರದಲ್ಲಿ ಬಣ್ಣದ ಗಾಜು, ಒಳಗೋಡೆಯಲ್ಲಿ ಗಾರೆಯನ್ನು ಕೊರೆದು ಮಾಡಿದ ಹೂಬಳ್ಳಿ. ಅಲಂಕಾರವೆಲ್ಲ ಒಳಗೆ. ಬೀದಿಯ ಕಡೆಗೆ ಬೋಳು ಗೋಡೆ.

ಮನೆಯ ನಡುವೆ ಅಂಗಳ. ನಮ್ಮ ಗುತ್ತಿನ ಮನೆಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಂಗಳದ ಸುತ್ತ ಕೋಣೆಗಳು, ಬಂದವರನ್ನು ಕೂರಿಸುವ ಚಾವಡಿಗೆ ಅವರಲ್ಲಿ ಮಜ್ಲಿಸ್ ಎಂದು ಹೆಸರು. ಮುಹರ್ರಖ್‌ನಲ್ಲಿ 1869ರಿಂದ ಆಳಿದ ಶೇಖ್ ಈಸಾ ಬಿನ್ ಅಲಿ ಅವರ ಮನೆಯಲ್ಲಿ ಹೀಗೆ ಬೇರೆ ಬೇರೆ ಅಂಗಳಗಳಿವೆ: ಶೇಖರಿಗೆ, ಕುಟುಂಬಕ್ಕೆ, ಅತಿಥಿಗಳಿಗೆ, ಕೆಲಸದವರಿಗೆ. ಆ ಮನೆಯ ಮೇಲೆ ಒಂದು ಗಾಳಿಗೋಪುರವಿದೆ. ನಾಲ್ಕು ಬದಿಯೂ ತೆರೆದ ಚೌಕ ಗೋಪುರ, ಒಳಗೆ ಗುಣಾಕಾರ ಚಿಹ್ನೆಯಂತೆ ಅಡ್ಡಗೋಡೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ಆ ಬದಿಯ ಕೊಳವೆ ಅದನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ಎದುರು ಬದಿಯ ಕೊಳವೆ ಒಳಗಿನ ಬಿಸಿಗಾಳಿಯನ್ನು ಮೇಲಕ್ಕೆ ಎಳೆದು ಹೊರಗೆ ಹಾಕುತ್ತದೆ. ಕರೆಂಟಿಲ್ಲ, ಬಿಲ್ಲಿಲ್ಲ. ಬೇಸಿಗೆಯ ರಾತ್ರಿ ಮನೆಮಂದಿ ಮಾಡಿನ ಮೇಲೆ ಮಲಗುತ್ತಿದ್ದರು. ಸುತ್ತಲ ಗಿಡ್ಡಗೋಡೆಯ ತೂತುಗಳು ಗಾಳಿಯನ್ನು ಬಿಟ್ಟು ನೋಟವನ್ನು ತಡೆಯುತ್ತಿದ್ದವು.

ಇವೆಲ್ಲ ಇದ್ದವರ ಮನೆಗಳು ಎಂಬುದನ್ನು ಮರೆಯಬಾರದು. ಬಡವರು ಖರ್ಜೂರದ ಗರಿ ಹೆಣೆದು ಮಾಡಿದ ಬರಸ್ತಿ ಎಂಬ ಗುಡಿಸಲುಗಳಲ್ಲಿ ಬದುಕಿದರು. ನಮ್ಮ ಮಡಲಿನ ಮನೆಯ ಅಣ್ಣತಮ್ಮ. ಬೇಸಿಗೆಯಲ್ಲಿ ತಂಪು, ಬೆಂಕಿ ಬಿದ್ದರೆ ಕೇರಿಯೇ ಹೋಯಿತು. ಹಳೆಯದನ್ನು ಹೊಗಳುವ ಭರದಲ್ಲಿ ಅಂದಿನ ಎಲ್ಲರೂ ಗಾಳಿಗೋಪುರದ ಕೆಳಗೆ ಮಲಗಿದರೆಂದು ಬರೆದರೆ ಅದು ಸುಳ್ಳಾದೀತು.

1930ರ ದಶಕದಲ್ಲಿ ಎಲ್ಲವೂ ಒಟ್ಟಿಗೆ ಬದಲಾಯಿತು. ಜಪಾನಿನ ಕೃಷಿ ಮುತ್ತು ಮಾರುಕಟ್ಟೆಗೆ ಬಂತು, ಜಗತ್ತಿನ ವ್ಯಾಪಾರ ಕುಸಿಯಿತು, ಮುತ್ತಿನ ವರ್ತಕರು ಮುಳುಗಿದರು. ಅದೇ ಹೊತ್ತಿಗೆ, 1932ರಲ್ಲಿ, ಎಣ್ಣೆ ಸಿಕ್ಕಿತು. ಕೊಲ್ಲಿಯ ಅರಬ್ ಬದಿಯಲ್ಲಿ ಅದೇ ಮೊದಲು. ಎಣ್ಣೆ ಕಂಪೆನಿ ತನ್ನ ನೌಕರರಿಗಾಗಿ ಅವಾಲಿ ಎಂಬ ಹೊಸ ಊರನ್ನೇ ಕಟ್ಟಿತು. ಸಿಮೆಂಟ್ ಬಂತು, ಕಾರು ಬಂತು, ಏರ್ ಕಂಡೀಷನರ್ ಬಂತು. ಅಂಗಳವಿದ್ದ ಮನೆಯಲ್ಲಿ ಎ.ಸಿ. ಕೂರಿಸಿದರೆ ತಂಪು ನಿಲ್ಲುವುದಿಲ್ಲ, ಆದ್ದರಿಂದ ಅಂಗಳ ಹೋಯಿತು. ಕಾರು ನುಗ್ಗದ ಓಣಿ ಬೇಡವಾಯಿತು. 1968ರಲ್ಲಿ ಈಸಾ ಟೌನ್ ಎಂಬ ಯೋಜಿತ ನಗರ ಸಿದ್ಧವಾಯಿತು. ಗರಿಯ ಗುಡಿಸಲಿನಲ್ಲಿದ್ದವರಿಗೆ ಗಟ್ಟಿ ಮನೆ ಸಿಕ್ಕಿತು, ಅದು ಸಣ್ಣ ವಿಷಯವಲ್ಲ. ರಾಜಧಾನಿ ಮನಾಮಾದಲ್ಲಿ 1940ರ ದಶಕದಲ್ಲಿ ಸರಕಾರದ ಸಲಹೆಗಾರ ಚಾರ್ಲ್ಸ್ ಬೆಲ್ಗ್ರೇವ್ ರೂಪಿಸಿದ 'ಬಾಬ್ ಅಲ್ ಬಹ್ರೈನ್' ಮಹಾದ್ವಾರದ ಮುಂದೆ ಆಗ ಸಮುದ್ರವಿತ್ತು. ಇಂದು ಅಲ್ಲಿ ನಿಂತರೆ ರಸ್ತೆ ಮತ್ತು ಕಟ್ಟಡಗಳು. ಕಡಲನ್ನು ಮಣ್ಣು ತುಂಬಿ ಅಷ್ಟು ದೂರ ತಳ್ಳಲಾಗಿದೆ. 1986ರಲ್ಲಿ 25 ಕಿ.ಮೀ. ಉದ್ದದ ಸೇತುವೆ ಸೌದಿ ಅರೇಬಿಯಾಕ್ಕೆ ಜೋಡಿಸಿದ ಮೇಲೆ ದ್ವೀಪದ ದ್ವೀಪತನವೂ ಅರ್ಧ ಕಳೆಯಿತು.

ಮುಹರ್ರಖ್‌ನ ಹಳೆಮನೆಗಳ ಮಾಲೀಕರು ಹೊಸ ಬಡಾವಣೆಗಳಿಗೆ ಹೋದರು. ಬಿಟ್ಟುಹೋದ ಮನೆಗಳಲ್ಲಿ ಕೋಣೆಗೆ ಇಷ್ಟು ಜನ ಎಂದು ಬಾಡಿಗೆಗೆ ಇದ್ದವರು ಹೊರದೇಶದ ಕೂಲಿಗಳು. ಗಾರೆ ಉದುರಿತು, ಮಾಡು ಕುಸಿಯಿತು, ಎಷ್ಟೋ ಮನೆಗಳು ಹೋದವು. 1980ರ ದಶಕದಲ್ಲಿ ಜಾನ್ ಯಾರ್ವುಡ್ ಎಂಬ ವಾಸ್ತುತಜ್ಞರು ಆ ಊರಿನ ಕಟ್ಟಡಗಳ ಬಗ್ಗೆಯೇ ಸಂಶೋಧನಾ ಪ್ರಬಂಧ ಬರೆದಿಟ್ಟರು. 2002ರಲ್ಲಿ ಶೇಖಾ ಮಾಯ್ ಬಿಂತ್ ಮೊಹಮ್ಮದ್ ಅಲ್ ಖಲೀಫಾ ಎಂಬ ಮಹಿಳೆ ಅಲ್ಲಿ ಶೇಖ್ ಇಬ್ರಾಹಿಂ ಕೇಂದ್ರವನ್ನು ಸ್ಥಾಪಿಸಿ ಒಂದೊಂದೇ ಮನೆಯನ್ನು ಎತ್ತಿ ನಿಲ್ಲಿಸತೊಡಗಿದರು. 2012ರಲ್ಲಿ ಮುಹರ್ರಖ್‌ನ 17 ಕಟ್ಟಡಗಳು, ಸಮುದ್ರದೊಳಗಿನ ಮೂರು ಮುತ್ತಿನ ಹಾಸುಗಳು, ದೋಣಿ ಹೊರಡುತ್ತಿದ್ದ ದಂಡೆಯ ಒಂದು ತುಂಡು ಮತ್ತು ಒಂದು ಕೋಟೆ ಒಟ್ಟಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸುಮಾರು ಮೂರೂವರೆ ಕಿ.ಮೀ. ದಾರಿಯಲ್ಲಿ ನಡೆದು ಅವನ್ನು ನೋಡಬಹುದು. 2019ರಲ್ಲಿ ಈ ಕೆಲಸಕ್ಕೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ನಮಗೆ ಹೆಚ್ಚು ಮೆಚ್ಚುಗೆಯಾದದ್ದು ಬೇರೆ: ಆ 17ರಲ್ಲಿ ಸಿಯಾದಿಯಂಥ ದೊಡ್ಡ ವರ್ತಕರ ಮನೆಗಳ ಜೊತೆ, ಅಂಗಡಿ, ಉಗ್ರಾಣ, ಮುಳುಗುಗಾರನ ಸಣ್ಣ ಮನೆ ಕೂಡ ಸೇರಿವೆ. ಆದರೆ ದುರಸ್ತಿಯಾದ ಮನೆಯಲ್ಲಿ ಹಿಂದೆ ಕೋಣೆಗೆ ಹತ್ತು ಜನ ಮಲಗುತ್ತಿದ್ದ ಕೂಲಿಯವರು ಈಗ ಎಲ್ಲಿ ಮಲಗುತ್ತಾರೆ ಎಂಬ ಪ್ರಶ್ನೆಯನ್ನು ಪ್ರಶಸ್ತಿ ಪತ್ರಗಳು ಕೇಳುವುದಿಲ್ಲ. ನಾವು ಕೇಳಲೇಬೇಕಾಗುತ್ತದೆ, ಆ ಕೂಲಿಯವರಲ್ಲಿ ನಮ್ಮ ದೇಶದವರೂ ಇದ್ದಾರೆ.

ಹೊಸ ಕಟ್ಟಡಗಳೂ ಹಳೆಯದರಿಂದ ಒಂದಿಷ್ಟು ಕಲಿತಿವೆ. 2008ರಲ್ಲಿ ಪೂರ್ಣಗೊಂಡ ಬಹ್ರೈನ್ ವರ್ಲ್ಡ್ ಟ್ರೇಡ್ ಸೆಂಟರ್ 240 ಮೀಟರ್ ಎತ್ತರದ ಜೋಡಿ ಗೋಪುರ. ಹಾಯಿಯ ಆಕಾರದ ಎರಡು ಗೋಪುರಗಳ ನಡುವೆ ಕಡಲಗಾಳಿ ಇಕ್ಕಟ್ಟಾಗಿ ನುಗ್ಗುವಲ್ಲಿ ಮೂರು ಗಾಳಿಯಂತ್ರಗಳನ್ನು ಕಟ್ಟಿದ್ದಾರೆ. ಗಾಳಿಗೋಪುರದ ಮೊಮ್ಮಗ ಎನ್ನಬಹುದು. ಒಳಗೆ ಕುಳಿತವರಿಗೆ ಎ.ಸಿ. ತಪ್ಪಿಲ್ಲ ಎಂಬುದು ಬೇರೆ ಮಾತು.

ನಮ್ಮವರಿಗೆ ಹೆಚ್ಚು ಪರಿಚಯವಿರುವುದು ಎರಡು ದೇವಾಲಯಗಳು. ಮನಾಮಾದ ಸೇಕ್ರೆಡ್ ಹಾರ್ಟ್ ಇಗರ್ಜಿಗೆ ಆಗಿನ ದೊರೆ ಶೇಖ್ ಹಮದ್ ಬಿನ್ ಈಸಾ ಅವರು 1939ರಲ್ಲಿ ಜಾಗ ಕೊಟ್ಟರು. ಆ ವರ್ಷದ ಕ್ರಿಸ್ಮಸ್‌ಗೆ ಮೊದಲ ಬಲಿಪೂಜೆ ನಡೆಯಿತು. ಅದೇ ಪೇಟೆಯಲ್ಲಿ ಸಿಂಧ್ ಕಡೆಯ ಹಿಂದೂ ವರ್ತಕರು 1817ರಲ್ಲಿ ಕಟ್ಟಿಕೊಂಡ ಶ್ರೀನಾಥಜಿ ದೇವಸ್ಥಾನವೂ ಇದೆ. ಇನ್ನೊಂದು, ಅವಾಲಿಯ ಅರೇಬಿಯಾದ ಮಾತೆಯ ಮಹಾದೇವಾಲಯ. ದೊರೆ ಹಮದ್ ಅವರು ದಾನ ಕೊಟ್ಟ 9,000 ಚದರ ಮೀಟರ್ ಜಾಗದಲ್ಲಿ 2014ರ ಮೇ 31ರಂದು ಅಡಿಗಲ್ಲು ಬಿತ್ತು. ಅದಕ್ಕಾಗಿ ದುಡಿದ ಧರ್ಮಾಧ್ಯಕ್ಷ ಕಮಿಲ್ಲೊ ಬಲ್ಲಿನ್ ಅವರು 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು, ಕಟ್ಟಡ ಮುಗಿದದ್ದನ್ನು ಅವರು ನೋಡಲಿಲ್ಲ. 2021ರ ಡಿಸೆಂಬರ್ 10ರಂದು ಕಾರ್ಡಿನಲ್ ತಾಗ್ಲೆ ಅವರು ಅದನ್ನು ಅಭಿಷೇಕಿಸಿದರು. ಮರುವರ್ಷ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಅಲ್ಲಿ ಪ್ರಾರ್ಥಿಸಿದರು. 2,300 ಜನ ಕೂರುವ ಈ ದೇವಾಲಯವನ್ನು ಇಟಲಿಯ ವಾಸ್ತುಶಿಲ್ಪಿಗಳು ರೋಮಿನ ಮಾದರಿಯಲ್ಲಿ ಮಾಡಲಿಲ್ಲ. ಮರುಭೂಮಿಯಲ್ಲಿ ಮೋಶೆ ಹಾಕಿದ ಗುಡಾರದ ರೂಪದಲ್ಲಿ ಮಾಡಿದರು. ಎಣ್ಣೆ ಬಾವಿಗಳ ಊರಿನಲ್ಲಿ, ಯಾವಾಗಲೂ ವೀಸಾ ಮುಗಿಯುವ ದಿನ ಎಣಿಸುವ ಜನರಿಗೆ, ಗುಡಾರದಂಥ ಇಗರ್ಜಿ. ಇದಕ್ಕಿಂತ ಹೊಂದುವ ರೂಪ ನಮಗೆ ತೋಚುವುದಿಲ್ಲ.

ಈಗ ನಮ್ಮ ಕಡೆಗೆ ನೋಡೋಣ. 1865ರಲ್ಲಿ ಬಾಸೆಲ್ ಮಿಶನ್ ನೇತ್ರಾವತಿಯ ದಂಡೆಯಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದಾಗ ಬಳಸಿದ್ದು ಇಲ್ಲಿನ ಮಣ್ಣನ್ನೇ. ಆ ಹಂಚು, ಮುರಕಲ್ಲು, ಇಳಿಜಾರು ಮಾಡು, ಸುತ್ತ ಜಗಲಿ: ಇಷ್ಟರಲ್ಲಿ ನಮ್ಮ ಮಳೆಗೂ ಸೆಕೆಗೂ ಉತ್ತರವಿತ್ತು. ಬೆಂಗಳೂರಿನ ಸುತ್ತಲಿನ ಹಳೆ ಹಳ್ಳಿಗಳವರು ಕಲ್ಲು ಚಪ್ಪಡಿಯಲ್ಲಿ ಗೋಡೆ ಮಾಡು ಎರಡನ್ನೂ ಮಾಡಿಕೊಂಡದ್ದು ಅಲ್ಲಿನ ಉತ್ತರ. ಇಂದು ನಾಗಸಂದ್ರದ ಮೂವತ್ತು ನಲವತ್ತರ ಸೈಟಿನಲ್ಲಿಯೂ ನಮ್ಮ ಹಳ್ಳಿಯ ತೋಟದ ನಡುವೆಯೂ ಏಳುವುದು ಒಂದೇ ಮನೆ: ತಾರಸಿ, ಪಡುವಣ ಬಿಸಿಲಿಗೆ ಮುಖ ಮಾಡಿದ ಗಾಜು, ಮೇಲೆ ಶೀಟಿನ ಹೊದಿಕೆ, ಕೋಣೆಗೊಂದು ಎ.ಸಿ. ಗಲ್ಫಿನಲ್ಲಿ ನೋಡಿದ್ದೇ ಚಂದ ಎಂದು ಕಟ್ಟಿಸುವವರು ಗಲ್ಫಿನ ಯಾವ ಮನೆಯನ್ನು ನೋಡಿದರು ಎಂದು ಕೇಳಬೇಕಾಗಿದೆ.

ಹಳೆಯ ಇಗರ್ಜಿಗಳ ವಿಚಾರವೂ ಇದೆ. ಜನ ಹೆಚ್ಚಾದರು, ಜಾಗ ಸಾಲದು, ಗೆದ್ದಲು ಹಿಡಿದಿದೆ. ಕಾರಣಗಳು ನಿಜವೇ ಇರುತ್ತವೆ. ಎಲ್ಲವನ್ನೂ ಉಳಿಸಲು ಆಗುವುದಿಲ್ಲ. ಆದರೆ ಕೆಡಹುವ ತೀರ್ಮಾನವಾದಲ್ಲಿ ಪಾಲನಾ ಪರಿಷತ್ತು ಮೊದಲು ಅಳತೆ ಮಾಡಿದ ನಕ್ಷೆಯೊಂದನ್ನು ಬರೆಸಲಿ, ಬಾಗಿಲು, ತೊಲೆ, ಪೀಠದ ಫೋಟೋ ತೆಗೆಸಲಿ, ಕಟ್ಟಿದ ವರ್ಷ ಮತ್ತು ಮರ ಕೊಟ್ಟವರ ಹೆಸರನ್ನು ದಾಖಲೆ ಪುಸ್ತಕದಲ್ಲಿ ಬರೆಸಲಿ. ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಒಂದು ವಾರದ ಕೆಲಸ.

ಬಹ್ರೈನಿನಲ್ಲಿರುವ ನಮ್ಮ ಓದುಗರಲ್ಲಿ ಒಂದು ಕೋರಿಕೆ. ಒಂದು ರಜಾದಿನ ಮಕ್ಕಳನ್ನು ಕರೆದುಕೊಂಡು ಮನಾಮಾದಿಂದ ಸೇತುವೆ ದಾಟಿ ಮುಹರ್ರಖ್‌ಗೆ ಹೋಗಿ. ಶೇಖ್ ಈಸಾ ಅವರ ಮನೆ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಗಾಳಿಗೋಪುರದ ಕೆಳಗಿನ ಕೋಣೆಯಲ್ಲಿ ನೆಲದ ಹತ್ತಿರ ಅಂಗೈ ಚಾಚಿ ಸ್ವಲ್ಪ ಹೊತ್ತು ನಿಲ್ಲಿ, ಆಮೇಲೆ ಅಂಗಳಕ್ಕೆ ಬನ್ನಿ. ವ್ಯತ್ಯಾಸ ಎಷ್ಟಿತ್ತೆಂದು ನಮಗೆ ಬರೆದು ತಿಳಿಸಿ.